ನಾರ್ವಿ ಸೈಕಲ್ಲಿನ ಚಿಮಟಾ

ಕಾರ್ಖಾನೆಗಳ ದೂರು ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು ಎಲ್ಲಾದರೂ ಸಿಕ್ಕರೆ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಮುರಿದು ಬಂದ ಸಾಮಾನನ್ನು ಹೇಗೆ ನೋಡಬೇಕು ಸರ್? ಭೂತಗನ್ನಡಿ ಬೇಕು, ಒಳ್ಳೆಯ ಬೆಳಕು ಬೇಕು, ಮುರಿದ ಬಾಯಿಗೆ ಕೈ ಹಚ್ಚಬಾರದು. ಇದೆಲ್ಲ ಪುಸ್ತಕದಲ್ಲಿದೆ. ನಾನು ಹೇಳುವುದು ಬೇರೆ. ಮೊದಲು ಅದನ್ನು ಬಳಸುತ್ತಿದ್ದ ಮನುಷ್ಯ ಎಲ್ಲಿದ್ದಾನೆಂದು ಕೇಳಿ. ಸೈಕಲ್ ಕಾರ್ಖಾನೆಯ ದೂರು ನೋಡಲು ನಾನು ಹೋಗುವ ಹೊತ್ತಿಗೆ ಸೈಕಲ್ಲು ಯಾವಾಗಲೂ ಅಂಗಳದಲ್ಲಿ ಒರಗಿರುತ್ತಿತ್ತು. ಮನುಷ್ಯ ಸಾಮಾನ್ಯವಾಗಿ ಒಳಗಿನಿಂದ ಬೈಯುತ್ತ ಹೊರಗೆ ಬರುತ್ತಿದ್ದ. ಬೈಗುಳ ಕೇಳಿದರೆ ನನಗೆ ಸಮಾಧಾನ. ಯಾರೂ ಬೈಯದ ಅಂಗಳಗಳ ನೆನಪೇ ಈಗಲೂ ಕಾಡುವುದು.

ರಾಯಚೂರಿನಲ್ಲಿ ಒಂದು ಕಾಲಕ್ಕೆ ಸೈಕಲ್ ತಯಾರಾಗುತ್ತಿತ್ತು ಎಂದರೆ ಇಂದಿನವರು ನಂಬುವುದಿಲ್ಲ. ಹತ್ತಿ ಮಿಲ್ಲುಗಳ ಸಾಲು ದಾಟಿದ ಮೇಲೆ ತಗಡಿನ ಮೂರು ಶೆಡ್ಡುಗಳಿದ್ದವು. ಹತ್ತಿ ವ್ಯಾಪಾರದಲ್ಲಿ ಬೆಳೆದ ಶೇಠರೊಬ್ಬರಿಗೆ, ನಾರ್ವೆ ಎಂಬ ದೇಶದಲ್ಲಿ ಹಳೆಯ ಸೈಕಲ್ ಕಾರ್ಖಾನೆಯೊಂದು ಮುಚ್ಚುತ್ತಿದೆ, ಯಂತ್ರಗಳನ್ನು ಮಾರುತ್ತಿದ್ದಾರೆ ಎಂದು ಮದ್ರಾಸಿನ ದಲ್ಲಾಳಿಯೊಬ್ಬ ಸುದ್ದಿ ಕೊಟ್ಟ. ಶೇಠರು ಯಂತ್ರಗಳನ್ನೂ ಆ ಕಂಪನಿಯ ಹೆಸರು ಹಾಕಿಕೊಳ್ಳುವ ಹಕ್ಕನ್ನೂ ಕೊಂಡರು. ಆ ಹೆಸರು ನಮ್ಮ ಮಂದಿಯ ನಾಲಿಗೆಗೆ ಹೊರಳಲಿಲ್ಲ. ಸಂತೆಯಲ್ಲಿ ಎಲ್ಲರೂ 'ನಾರ್ವಿ ಸೈಕಲ್' ಎಂದರು. ನಾರ್ವಿ ಎಂದರೆ ಶೇಠರ ಮಗಳ ಹೆಸರೆಂದು ತಿಳಿದವರೂ ಇದ್ದರು.

ನಾನು ಕಲ್ಮಲದವನು. ಡಿಪ್ಲೊಮಾ ಮುಗಿಸಿ ಆ ಕಾರ್ಖಾನೆಗೆ ಸೇರಿದಾಗ ಯಂತ್ರಗಳ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚುತ್ತಿದ್ದರು. ಅವನ್ನು ಕೂಡಿಸಿ, ನಡೆಸಿ ತೋರಿಸಲು ನಾರ್ವೆಯಿಂದ ಆರ್ನೆ ಎಂಬ ಹಿರಿಯ ಫೋರ್‌ಮನ್ ಬಂದಿದ್ದ. ಹುಡುಗನಾಗಿದ್ದಾಗಲೇ ಆ ಕಾರ್ಖಾನೆಗೆ ಸೇರಿ ಅಲ್ಲೇ ಮುದುಕನಾದವನು. ನಮ್ಮ ಬಿಸಿಲಿಗೆ ಅವನ ಮುಖ ಕಾದ ತಗಡಿನಂತಾಗಿತ್ತು. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ ತಿನ್ನುತ್ತಿದ್ದ. ಮಧ್ಯಾಹ್ನ ಕರೆಂಟು ಹೋದಾಗ ವರಾಂಡದಲ್ಲಿ ಕೂತು ಹರುಕುಮುರುಕು ಇಂಗ್ಲಿಷಿನಲ್ಲಿ ತನ್ನ ಕಂಪನಿಯ ಕಥೆ ಹೇಳುತ್ತಿದ್ದ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ ಇದ್ದುದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು.

ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಜಾಗದಲ್ಲಿ ಅವನ ಊರು. ಅಲ್ಲೊಬ್ಬ ಅಂಗಡಿಕಾರ ನೇಗಿಲು, ಹೊಲಿಗೆ ಯಂತ್ರ ಮಾರುತ್ತಿದ್ದವನು ಪರದೇಶದ ಸೈಕಲ್ ತರಿಸಿ ಮಾರಲು ಶುರುಮಾಡಿದ. ಆ ಸೈಕಲ್ಲುಗಳು ಅಲ್ಲಿಯ ಏರುಪೇರಿಗೆ, ಹಿಮಕ್ಕೆ ತಡೆಯಲಿಲ್ಲ. ರಿಪೇರಿ ಮಾಡಿ ಮಾಡಿ ಬೇಸತ್ತು ತಾನೇ ಕಟ್ಟಲು ಕೂತ. ಮಗನ ಕಾಲಕ್ಕೆ ಅದು ಕಾರ್ಖಾನೆಯಾಯಿತು. ಯುದ್ಧದಲ್ಲಿ ಜರ್ಮನರು ದೇಶ ಹಿಡಿದಾಗ ರಬ್ಬರ್ ಸಿಗದೆ ಗಾಲಿಗೆ ಹಗ್ಗ ಸುತ್ತಿ ಓಡಿಸಿದರಂತೆ. ಯುದ್ಧ ಮುಗಿದ ಮೇಲೂ ಬಹಳ ವರ್ಷ ಅಲ್ಲಿ ಕಾರು ಕೊಳ್ಳಲು ಸರ್ಕಾರದ ಪರವಾನಗಿ ಬೇಕಿತ್ತು. ಹಾಗಾಗಿ ಮೇಷ್ಟ್ರು, ಪಾದ್ರಿ, ನರ್ಸು, ಎಲ್ಲರೂ ಸೈಕಲ್ಲಿನ ಮೇಲೆ. ಕಾರ್ಖಾನೆ ಉತ್ತುಂಗ ಕಂಡದ್ದು ಆಗಲೇ. ಮುಂದೆ ಪರವಾನಗಿ ತೆಗೆದರು. ಕಾರುಗಳು ಬಂದವು, ಸೈಕಲ್ಲು ಮಕ್ಕಳ ಸಾಮಾನಾಯಿತು. ಕೊನೆಗೆ ದೂರದೇಶಗಳ ಅಗ್ಗದ ಸೈಕಲ್ಲುಗಳು ಹಡಗು ತುಂಬಿ ಬಂದವು.

ಅವನು ಹೇಳಿದ ಇನ್ನೊಂದು ಸಂಗತಿಯೇ ನನ್ನ ಉದ್ಯೋಗದ ಹಣೆಬರಹ ಬರೆಯಿತು. ಒಮ್ಮೆ ಅವರ ಸೈಕಲ್ಲಿನ ಮುಂದಿನ ಕವೆ ಮುರಿದು ಅಂಚೆಯವನೊಬ್ಬ ಇಳಿಜಾರಿನಲ್ಲಿ ಸತ್ತನಂತೆ. ಮುಂಗಾಲಿಯನ್ನು ಎರಡೂ ಕಡೆಯಿಂದ ಹಿಡಿಯುವ ಆ ಕವೆಗೆ ನಮ್ಮ ಕಡೆ ಚಿಮಟಾ ಅನ್ನುತ್ತಾರೆ. ಕಂಪನಿಯ ಯಜಮಾನ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆ ವರ್ಷದ ಎಲ್ಲ ಸೈಕಲ್ಲುಗಳನ್ನು ವಾಪಸು ಕರೆಸಿದ. ಕಂಪನಿ ಮುಳುಗುವುದರಲ್ಲಿತ್ತು. ಆಮೇಲೆ ಅವರೇ ಒಂದು ಯಂತ್ರ ಕಟ್ಟಿದರು. ಚಿಮಟಾವನ್ನು ಅದರಲ್ಲಿ ಕಚ್ಚಿಸಿದರೆ ಒಂದೇ ಸಮ ಅಲುಗಾಡಿಸುತ್ತದೆ. ಕೆಟ್ಟದಾದರೆ ಅಲ್ಲೇ ಮುರಿಯುತ್ತದೆ. ಆ ಯಂತ್ರವೂ ನಮ್ಮ ಶೆಡ್ಡಿಗೆ ಬಂದಿತ್ತು. ಒಟ್ಟಿಗೆ ತಯಾರಾದ ಪ್ರತಿ ತಂಡದಿಂದ ಒಂದೆರಡು ಚಿಮಟಾ ಎತ್ತಿ ಅದಕ್ಕೆ ಹಾಕುವುದನ್ನು ಆರ್ನೆ ನನಗೆ ಕಲಿಸಿ ಹೋದ.

ಶುರುವಿನ ವರ್ಷಗಳ ದೂರುಗಳು ನಗು ಬರಿಸುವಂಥವು. ನಾರ್ವೆಯ ಸೈಕಲ್ಲಿಗೆ ಕೈಬ್ರೇಕು ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುತ್ತದೆ. ಮೊದಲ ತಂಡವನ್ನು ಶೇಠರು ಹಾಗೆಯೇ ಮಾರುಕಟ್ಟೆಗೆ ಬಿಟ್ಟರು. ನಮ್ಮವರಿಗೆ ಸೈಕಲ್ ಮೇಲೆ ಕೂತು ಹರಟುವಾಗ ಪೆಡಲನ್ನು ಹಿಂದೆ ಮುಂದೆ ತಿರುಗಿಸುವ ರೂಢಿ. ಸಿರವಾರದ ಸಂತೆಯಲ್ಲಿ ಒಂದೇ ದಿನ ಎಷ್ಟೋ ಮಂದಿ ಮಗುಚಿ ಬಿದ್ದರು. ಸಮಾಧಾನ ಹೇಳಲು ನನ್ನನ್ನು ಕಳಿಸಿದರು. ಸಿರವಾರದಲ್ಲಿ ಬೈಸಿಕೊಂಡು ಮಾನ್ವಿಗೆ ಹೋದೆ.

ಮಾನ್ವಿಯ ಬಸ್ ನಿಲ್ದಾಣದ ಬಳಿ ನಮ್ಮ ಸೈಕಲ್ ಮಾರುತ್ತಿದ್ದದ್ದು ಜುಲೇಖಾಬಿ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚದೆ ತಾನೇ ರಿಪೇರಿಗೆ ಪಾನಾ ಹಿಡಿದ ಹೆಂಗಸು. ನಾನು ಹೋದಾಗ ನಮ್ಮ ಸೈಕಲ್ಲುಗಳ ಹಿಂಗಾಲಿಗಳನ್ನೆಲ್ಲ ಬಿಚ್ಚಿ ಸಾಲಾಗಿ ಮಲಗಿಸಿದ್ದಳು.

"ಏನ್ ಮಾಡಾಕತ್ತೀರಿ ಬೀಬಿ?" ಎಂದೆ.

"ನಿಮ್ಮ ಸಾಹೇಬ್ರ ಬ್ರೇಕ್ ನಕ್ಕೋ, ಬ್ಯಾಡ," ಎಂದಳು ತಲೆ ಎತ್ತದೆ. "ಇಲ್ಲಿ ಮಂದಿ ನಿಲ್ಲಾಕ ಕೈ ಉಪಯೋಗ ಮಾಡ್ತಾರ. ಸಾದಾ ಬ್ರೇಕ್ ಹಾಕಿ ಕೊಡಾಕತ್ತೀನಿ. ಸಿಟ್ಟು ಬಂದ್ರ ಏಜೆನ್ಸಿ ತಗೊಂಡು ಹೋಗ್ರಿ."

ಅವಳು ಮಾಡಿದ್ದನ್ನೇ ಮುಂದೆ ಕಾರ್ಖಾನೆಯೂ ಮಾಡಿತು. ಅಂದಿನಿಂದ ಮಾನ್ವಿ ಕಡೆ ಹೋದಾಗಲೆಲ್ಲ ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯದೆ ಬಂದದ್ದಿಲ್ಲ.

ಆ ಕಾಲಕ್ಕೆ ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ, ರೇಡಿಯೋ, ಸೈಕಲ್ಲು ಕೊಡುವುದು ವಾಡಿಕೆ. ಮದುವೆಯ ತಿಂಗಳುಗಳೇ ನಮಗೆ ಸುಗ್ಗಿ. ಶೇಠರಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಾಗ ಅವರ ಮನೆಯವರು ಹೊರಗಿನಿಂದ ಮುರಳೀಧರ ಎಂಬವರನ್ನು ಮ್ಯಾನೇಜರಾಗಿ ತಂದರು. ಕೆಟ್ಟ ಮನುಷ್ಯ ಎಂದು ಹೇಳಲಾರೆ. ಕೂಲಿಯವರ ಜೊತೆ ಮರ್ಯಾದೆಯಿಂದ ಮಾತಾಡುತ್ತಿದ್ದರು, ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದರು. ಆದರೆ ಅವರಿಗೆ ಕಾರ್ಖಾನೆಯಲ್ಲಿ ನಿಂತಿದ್ದದ್ದು ಯಾವುದೂ ಸರಿಬರುತ್ತಿರಲಿಲ್ಲ. ಎಲ್ಲವೂ ಓಡಬೇಕು.

ಚಿಮಟಾದ ಕಾಲುಗಳನ್ನು ಮೇಲಿನ ಕೊಳವೆಗೆ ಕೂಡಿಸಲು ನಾವು ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದೆವು. ನಿಧಾನದ ಕೆಲಸ, ಬಿಸಿ ಹದವಾಗಿರಬೇಕು. ಅದನ್ನು ನಿಲ್ಲಿಸಿ ವೆಲ್ಡಿಂಗ್ ತಂದರು. ಅದು ತಪ್ಪಲ್ಲ, ಇಂದು ಜಗತ್ತೆಲ್ಲ ವೆಲ್ಡಿಂಗೇ ಮಾಡುತ್ತದೆ. ಆದರೆ ಅದಕ್ಕೆ ತಕ್ಕ ಕೊಳವೆ ಬೇಕು. ನಮಗೆ ಬಂದದ್ದು ತೆಳುವಾದ ಅಗ್ಗದ ಕೊಳವೆ. ವೆಲ್ಡಿಂಗಿನ ಶಾಖಕ್ಕೆ ಅದು ಬೆಸುಗೆಯ ಅಂಚಿನಲ್ಲಿ ಪೆಡಸಾಗುತ್ತಿತ್ತು. ಮೇಲೆ ಮಿಂಚುವ ಹಸಿರು ಬಣ್ಣ ಬಳಿದರೆ ಒಳಗಿನದು ಯಾರಿಗೂ ಕಾಣುತ್ತಿರಲಿಲ್ಲ. ಅಲುಗಾಡಿಸುವ ಯಂತ್ರ ಇದ್ದಿದ್ದರೆ ತೋರಿಸುತ್ತಿತ್ತು. ಅದು ಜಾಗ ತಿನ್ನುತ್ತದೆಂದು ಅದರ ಬೆಲ್ಟು ಬಿಚ್ಚಿಸಿ ಗುಜರಿ ಶೆಡ್ಡಿಗೆ ಹಾಕಿಸಿದ್ದರು. ಬೇಡವೆಂದು ನಾನು ಹೇಳಿದೆ. "ದೂರು ಬಂದಾಗ ನೋಡೋಣ ವೀರೇಶಪ್ಪ," ಎಂದರು.

ದೂರು ಬಂತು.

ದೇವದುರ್ಗ ದಾಟಿ ಕೃಷ್ಣಾ ನದಿಯ ಕಡೆಗೆ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಮನೆಯವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಶರಣಪ್ಪ ಎಂಬ ಹೊಸ ಮದುಮಗ ಮಾವನ ಮನೆಯ ಉಡುಗೊರೆಯಾಗಿ ಬಂದ ನಮ್ಮ ಸೈಕಲ್ ಹತ್ತಿ ದೇವದುರ್ಗದ ಸಂತೆಗೆ ಹೊರಟವನು ಹಾದಿಯಲ್ಲೇ ಮುಖ ಅಡಿಯಾಗಿ ಬಿದ್ದು ಸತ್ತಿದ್ದ. ಮಣ್ಣು ಮಾಡಿ ಆಗಿತ್ತು. ನಾನು ಹೋದಾಗ ಸೈಕಲ್ಲನ್ನು ಬೇವಿನ ಮರದ ಕೆಳಗೆ ಹಾಕಿದ್ದರು. ಅಂಗಳದ ತುಂಬ ಜನ. ಯಾರೂ ನನ್ನನ್ನು ಬೈಯಲಿಲ್ಲ.

ಬೈಗುಳವೆಲ್ಲ ಬೇರೆಡೆಗೆ ಹೋಗಿತ್ತು. ದನದ ಕೊಟ್ಟಿಗೆಯ ಗೋಡೆಗೆ ಒರಗಿ ಒಂದು ಹೆಣ್ಣು ಕೂತಿತ್ತು. ಬೋಳು ಹಣೆ, ಬೋಳು ಕೈ. ಅವಳೇ ಮದುಮಗಳು, ಮಲ್ಲವ್ವ. ಮಾನ್ವಿ ತಾಲೂಕಿನ ಬಾಗಲವಾಡದವಳು, ಕುರಿ ಕಾಯುವ ಯಂಕಪ್ಪನ ಮಗಳು. ಇವಳ ಕಾಲ್ಗುಣದಿಂದಲೇ ಗಂಡ ಸತ್ತನೆಂದು ಅಂಗಳದ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಯಂಕಪ್ಪ ಮಗಳ ಹತ್ತಿರ ಹೋಗಲೂ ಆಗದೆ, ಬೀಗರ ಮುಂದೆ ಕೂರಲೂ ಆಗದೆ ನಡು ಅಂಗಳದಲ್ಲಿ ಕಂಬಳಿ ಹೊದ್ದು ನಿಂತಿದ್ದ.

ನಾನು ಮುರಿದ ಚಿಮಟಾ ಎತ್ತಿ ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ಕೊಳವೆಯ ಮುರಿದ ಬಾಯಿ ಅರ್ಧ ಕಪ್ಪಾಗಿ ತುಕ್ಕು ಹಿಡಿದಿತ್ತು, ಉಳಿದರ್ಧ ಬೆಳ್ಳಗೆ ಹೊಸದಾಗಿತ್ತು. ಕಪ್ಪಾದ ಭಾಗ ಎಂದೋ ಸೀಳಿ ಗಾಳಿ ಕುಡಿದದ್ದು. ಬೆಳ್ಳಗಿನದು ಅವನು ಬಿದ್ದ ದಿನ ಹರಿದದ್ದು. ಅರ್ಧ ಕೊಳವೆಯ ಮೇಲೆಯೇ ಆ ಹುಡುಗ ಅಷ್ಟು ದಿನ ಓಡಾಡಿದ್ದ.

ವರದಿ ಬರೆದುಕೊಂಡು ಎದ್ದು ಬರುವುದಷ್ಟೇ ನನ್ನ ಕೆಲಸ. ಆದರೆ ಕೊಟ್ಟಿಗೆಯ ಕಡೆ ಮತ್ತೊಮ್ಮೆ ಕಣ್ಣು ಹೋಯಿತು. ಚಿಮಟಾ ಹಿಡಿದುಕೊಂಡು ಸತ್ತವನ ತಾಯಿಯ ಮುಂದೆ ಹೋಗಿ ಕೂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಯವ್ವಾ, ಇಲ್ಲಿ ನೋಡ್ರಿ. ಈ ಕರ್ರಗಿರೋದು ಮೊದಲೇ ಸೀಳಿತ್ತು. ಮ್ಯಾಲೆ ಬಣ್ಣ ಇತ್ತು, ಯಾರಿಗೂ ಕಂಡಿಲ್ಲ. ನಿಮ್ಮ ಮಗ ಗಾಡಿ ತಪ್ಪು ಹೊಡದಿಲ್ಲ. ಯಾರ ಕಾಲ್ಗುಣಾನೂ ಅಲ್ಲ. ಇದು ನಮ್ಮ ಕಾರ್ಖಾನಿ ತಪ್ಪು."

 ಆಕೆ ಬಹಳ ಹೊತ್ತು ಆ ಕಬ್ಬಿಣವನ್ನೇ ನೋಡಿದಳು. ಅತ್ತು ಅತ್ತು ದನಿ ಹೋಗಿತ್ತು.

"ನಿಮ್ಮ ತಪ್ಪು ಅಂತೀರಿ. ಆಗ್ಲಿ," ಎಂದಳು. "ಈ ಸೈಕಲ್ ನಮ್ಮ ಮನಿಗೆ ಯಾರ ಜೋಡಿ ಬಂತು?"

ಆಕೆ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

"ಆಕಿ ಜೋಡಿ ಬಂತು. ಆಕಿ ಬರಲಿಲ್ಲಂದ್ರ ಇದೂ ಬರ್ತಿದ್ದಿಲ್ಲ. ನನ್ನ ಮಗ ನಡಕೋತ ಸಂತಿಗೆ ಹೋಗ್ತಿದ್ದ."

  ಮಗ ಸತ್ತ ತಾಯಿಯ ಜೊತೆ ವಾದಕ್ಕೆ ಕೂರುವ ಧೈರ್ಯ ನನಗಿರಲಿಲ್ಲ. ಸಂಜೆಯೊಳಗೆ ಯಂಕಪ್ಪ ಮಗಳನ್ನು ಕರೆದುಕೊಂಡು ಹೊರಟ. ದೇವದುರ್ಗದ ತನಕ ನಾವು ಒಂದೇ ಬಸ್ಸಿನಲ್ಲಿದ್ದೆವು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕಿಟಕಿಗೆ ಮುಖ ಮಾಡಿದ್ದಳು. ನನ್ನ ಕಾಲಬುಡದ ಚೀಲದಲ್ಲಿ ಆ ಚಿಮಟಾ ಇತ್ತು.

ಮರುದಿನ ಅದನ್ನು ಮುರಳೀಧರರ ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ಎಷ್ಟು ಜನ ಕೂತಿದ್ದರಂತೆ?"

"ಒಬ್ಬನೇ ಸರ್."

"ಅತಿಭಾರ ಅಂತ ಬರೆಯಿರಿ. ಸಂತೆಗೆ ಹೋಗುವವರು ಮೂಟೆ ಹೇರಿಕೊಂಡೇ ಹೋಗುತ್ತಾರೆ."

"ಕ್ಯಾರಿಯರ್ ಮೇಲೆ ಒಂದು ಖಾಲಿ ಚೀಲ ಇತ್ತು, ಅಷ್ಟೇ."

"ಒಂದು ಚಿಮಟಾ ಮುರಿಯಿತು ಅಂತ ಒಂದು ಕಾರ್ಖಾನೆಯನ್ನೇ ಮುರಿಯೋಕೆ ಆಗತ್ತಾ ವೀರೇಶಪ್ಪ? ಇದನ್ನು ನಂಬಿ ಊಟ ಮಾಡುವ ಮನೆಗಳು ಎಷ್ಟಿವೆ ಯೋಚನೆ ಮಾಡಿ."

ಅದೂ ಸುಳ್ಳಲ್ಲ. ನನ್ನ ಮನೆಯೂ ಅದರಲ್ಲೇ ಇತ್ತು. ಆದರೆ ನಾನು ಅತಿಭಾರ ಎಂದು ಬರೆಯಲಿಲ್ಲ. ಫಿಟ್ಟರ್ ಒಬ್ಬನನ್ನು ಕರೆದುಕೊಂಡು ಗುಜರಿ ಶೆಡ್ಡಿಗೆ ಹೋಗಿ ನಾರ್ವೆಯ ಯಂತ್ರಕ್ಕೆ ಬೆಲ್ಟು ಹಾಕಿಸಿದೆ. ಅದೇ ತಂಡದ ಚಿಮಟಾಗಳನ್ನು ಒಂದೊಂದಾಗಿ ಕಚ್ಚಿಸಿದೆವು. ಎಲ್ಲವೂ ಮುರಿದವು, ಒಂದೇ ಜಾಗದಲ್ಲಿ. ಮೂಲೆಯಲ್ಲಿದ್ದ ಹಿತ್ತಾಳೆ ಬೆಸುಗೆಯ ಹಳೆಯ ಚಿಮಟಾವೊಂದನ್ನು ಹಾಕಿದೆವು. ಸಂಜೆಯ ಸೈರನ್ ಆಗುವ ತನಕ ಅಲುಗಾಡಿತು, ಏನೂ ಆಗಲಿಲ್ಲ. ಮುರಿದವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮತ್ತೆ ಮ್ಯಾನೇಜರ ಕೋಣೆಗೆ ಹೋದೆ. ಅವರು ನೋಡಿದರು. ಆ ಹೊತ್ತು ಅವರ ಮುಖದಲ್ಲಿ ಹೆದರಿಕೆ ಕಂಡಿತು. ಹೆದರಿದ ಅಧಿಕಾರಿ ಒಳ್ಳೆಯ ಕೆಲಸ ಮಾಡುತ್ತಾನೆಂದು ನಾನು ನಂಬಿದ್ದ ಕಾಲ ಅದು. ಅವರು ಬಾಗಿಲು ಹಾಕಿಸಿ, ಯಂತ್ರವಿದ್ದ ಗುಜರಿ ಶೆಡ್ಡಿಗೆ ಬೀಗ ಜಡಿಸಿದರು.

ರಾಯಚೂರು ಸ್ಟೇಷನ್ ಬಳಿಯ ಟೆಲಿಫೋನ್ ಬೂತಿನಿಂದ, ಆರ್ನೆ ಬರೆದುಕೊಟ್ಟು ಹೋಗಿದ್ದ ನಂಬರಿಗೆ ಫೋನು ಹಚ್ಚಿದೆ. ಹೆಸರು ಅವರ ಕಂಪನಿಯದು, ಅವರು ಹೇಳಿದರೆ ಕೇಳಿಯಾರು ಎಂದು ಆಸೆ. ಆ ಕಡೆ ಅವನ ದನಿ ಮುದಿಯಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿದ.

"ಇಲ್ಲಿ ಯಾರಿಗೆ ಹೇಳಲಿ?" ಎಂದ. "ಇಲ್ಲಿಯ ಮಟ್ಟಿಗೆ ಆ ಹೆಸರನ್ನು ಬೇರೆ ಯಾರೋ ಕೊಂಡಿದ್ದಾರೆ. ಅವರು ಸೈಕಲ್ ಕಟ್ಟುವುದಿಲ್ಲ, ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮ ಶೆಡ್ಡಿನಲ್ಲಿ ಈಗ ತರಕಾರಿ, ಹಾಲು ಮಾರುತ್ತಾರೆ. ನಾನೂ ಅಲ್ಲೇ ಕೊಳ್ಳುತ್ತೇನೆ." ಆಮೇಲೆ, "ನಮ್ಮ ಯಜಮಾನನಿಗೆ ಪತ್ರಿಕೆ ಇತ್ತು. ನಿನಗೆ ಏನಿದೆ?" ಎಂದು ಕೇಳಿದ.

ನನಗೆ ಇದ್ದವಳು ಜುಲೇಖಾಬಿ. ಯಂಕಪ್ಪ ಸೈಕಲ್ ಕೊಂಡದ್ದು ಅವಳ ಅಂಗಡಿಯಲ್ಲೇ. ಮಾನ್ವಿಗೆ ಹೋಗಿ ಎಲ್ಲ ಹೇಳಿದೆ. ಅವಳು ಎದ್ದು ಒಳಗಿನಿಂದ ಏಣಿ ತಂದಳು, ಅಂಗಡಿಯ ಮೇಲಿದ್ದ ನಮ್ಮ ಕಂಪನಿಯ ಬೋರ್ಡನ್ನು ತಾನೇ ಬಿಚ್ಚಿ ಗೋಡೆಗೆ ಮುಖ ಮಾಡಿಸಿ ಇಟ್ಟಳು.

"ಇಲ್ಲಿಂದ ಎಷ್ಟು ಹಸರು ಗಾಡಿ ಹೋಗ್ಯಾವ, ಅಷ್ಟೂ ಚಿಮಟಾ ಇಲ್ಲಿಗೇ ಬರಬೇಕು," ಎಂದಳು.

"ಯಾರ್ಯಾರ ಮನಿಗೆ ಹೋಗ್ಯಾವೋ ಹೆಂಗ ಗೊತ್ತಾಗತದ?"

"ಮದುವಿ ಗಾಡಿ ಸಾಬ್ ಅವು. ಅರ್ಧ ಮಂದಿ ನನ್ನ ಊಟಕ್ಕ ಕರದಿದ್ರು. ಊಟ ಮಾಡಿದ್ದು ಮರೀತಾರೇನು?"

ಬೇರೆ ಕಂಪನಿಯ ಗಟ್ಟಿ ಚಿಮಟಾಗಳನ್ನು ಅವಳು ಹೈದರಾಬಾದಿನಿಂದ ತರಿಸಿದಳು. ದೂರು ನೋಡಲು ಹೋಗುವ ನೆಪದಲ್ಲಿ ನಾನು ಊರೂರಿಗೆ ಹೊರಟೆ, ಅವಳೂ ಬಂದಳು. ಬಸ್ಸಿನಲ್ಲಿ ಕಾಲ ನಡುವೆ ಚಿಮಟಾದ ಗೋಣಿಚೀಲ ಇಟ್ಟುಕೊಂಡು ಕೂರುತ್ತಿದ್ದಳು. ಪ್ರತಿ ಮನೆಯ ಅಂಗಳದಲ್ಲಿ ಅದೇ ಮಾತು, ಅದೇ ಅನುಮಾನ. ಕೊಟ್ಟ ಉಡುಗೊರೆಯನ್ನು ಮದುವೆಯ ವರ್ಷದಲ್ಲೇ ಬಿಚ್ಚಿ ಕಾಲು ಕತ್ತರಿಸುವುದು ಅಪಶಕುನ ಎಂದು ಎಷ್ಟೋ ಮಂದಿ ಒಪ್ಪುತ್ತಿರಲಿಲ್ಲ. ಕಾರ್ಖಾನೆಯವನ ಮಾತಿಗಿಂತ ಅವಳ ಮಾತು ನಡೆಯುತ್ತಿತ್ತು. ಬಿಚ್ಚಿದ ಚಿಮಟಾವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ತೋರಿಸುತ್ತಿದ್ದಳು. ಸೆಣಬಿನ ಕಡ್ಡಿಯಂತೆ ಮುರಿಯುವುದನ್ನು ಕಂಡ ಮೇಲೆ ಹೊಸದನ್ನು ಹಾಕಲು ಬಿಡುತ್ತಿದ್ದರು.

ಸಿರವಾರದ ಬಳಿ ಹನುಮಂತ ಎಂಬ ಹೊಸ ಅಳಿಯ ಮಾತ್ರ ಬಿಡಲಿಲ್ಲ. ಗದ್ದೆ ಬದುವಿನ ಮೇಲೆ ಸೈಕಲ್ ಹಿಡಿದು ನಿಂತಿದ್ದ, ನಾವು ಕಸಿಯಲು ಬಂದವರೇನೋ ಎಂಬಂತೆ.

"ನಮ್ಮ ಮಾವ ಕುರಿ ಮಾರಿ ಕೊಟ್ಟಾನ್ರಿ. ನಾ ಬಿಚ್ಚಿಸಿದ್ರ ಆತಗ ಹೆಂಗ ಅನಿಸಬ್ಯಾಡ?"

"ನಿನ್ನ ಮಾವಗ ನಾ ಹೋಗಿ ಹೇಳ್ತೀನಿ ಬೇಟಾ," ಎಂದಳು ಜುಲೇಖಾಬಿ.

"ಬ್ಯಾಡ್ರಿ. ಹೊಸಾ ಗಾಡಿ ಅದ. ಚಂದ ಓಡಾಕತ್ತದ."

ಅವಳು ಅವನ ಗಲ್ಲ ಮುಟ್ಟಿ ಕೇಳಿಕೊಂಡಳು. ಅವನು ನಾಚಿಕೊಂಡು ನಕ್ಕ, ಸೈಕಲ್ ಹತ್ತಿ ಹೋದ. ಕೆಲವು ವಾರ ಕಳೆದ ಮೇಲೆ ಸಿರವಾರದ ಅಕ್ಕಿ ಗಿರಣಿಯ ಮುಂದೆ ಅವನ ಚಿಮಟಾ ಮುರಿಯಿತು. ಜೀವ ಉಳಿಯಿತು. ದವಡೆ ಒಡೆದು, ಒಂದು ಕಣ್ಣು ಹೋಯಿತು. ಆಮೇಲೆ ನಾವು ಯಾವ ಊರಿಗೂ ಹೋಗಬೇಕಾಗಲಿಲ್ಲ. ಜನ ತಾವಾಗಿಯೇ ಹಸಿರು ಸೈಕಲ್ಲುಗಳನ್ನು ತಳ್ಳಿಕೊಂಡು ಮಾನ್ವಿಗೆ ಬಂದರು. ನಮ್ಮ ಮಾತು ಮಾಡಲಾರದ್ದನ್ನು ಆ ಹುಡುಗನ ಮುಖ ಮಾಡಿತು. ಜುಲೇಖಾಬಿ ಅಷ್ಟೂ ದಿನ ತಲೆ ಎತ್ತದೆ ಕೆಲಸ ಮಾಡಿದಳು. ಒಮ್ಮೆ ಮಾತ್ರ ಪಾನಾ ಕೆಳಗಿಟ್ಟು, "ಅವನ ಗಾಡಿ ಕಸಗೊಂಡು ಬರಬೇಕಿತ್ತು ಸಾಬ್," ಎಂದಳು. ಆ ಮಾತನ್ನು ಅವಳು ಸಾಯುವ ತನಕ ಆಗಾಗ ಹೇಳಿದಳು.

ಶರಣಪ್ಪನ ಸಾವಿನ ಬಗ್ಗೆ ದೇವದುರ್ಗದ ಪೊಲೀಸರ ಮುಂದೆ ನಾನು ಕಂಡದ್ದನ್ನು ಹೇಳಿದೆ. ಸವಾರನ ಅಜಾಗರೂಕತೆ ಎಂದೇ ಅದು ಮುಗಿಯಿತು. ಮುರಳೀಧರರು ನನ್ನನ್ನು ದೂರು ವಿಭಾಗದಿಂದ ತೆಗೆದು ಉಗ್ರಾಣದಲ್ಲಿ ಕೂರಿಸಿದರು. ಹಿತ್ತಾಳೆ ಬೆಸುಗೆ ಸದ್ದಿಲ್ಲದೆ ವಾಪಸು ಬಂತು. ಯಾಕೆ ಬಂತೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ತಂಡದ ಮಾರದೆ ಉಳಿದ ಸೈಕಲ್ಲುಗಳು ಒಂದು ದಿನ ಲಾರಿ ಹತ್ತಿ ಬೇರೆ ಜಿಲ್ಲೆಗಳಿಗೆ ಹೋದವು. ಯಾವ ಊರಿಗೆಂದು ತಿಳಿಯಲು ಬಹಳ ತಿರುಗಾಡಿದೆ. ತಿಳಿಯಲಿಲ್ಲ. ಈಗಲೂ ಪರವೂರಿನ ಬಸ್ಸಿನಲ್ಲಿ ಕೂತಾಗ ಯಾರಾದರೂ ಹಳೆಯ ಹಸಿರು ಸೈಕಲ್ ತುಳಿಯುತ್ತ ಹೋದರೆ ಮೊದಲು ಮುಂಗಾಲಿ ನೋಡುತ್ತೇನೆ.

ಕಾರ್ಖಾನೆ ಮುಚ್ಚಿದ್ದು ಆ ಸಾವಿನಿಂದ ಅಲ್ಲ. ಮದುವೆಯಲ್ಲಿ ಅಳಿಯಂದಿರು ಮೋಟರ್ ಸೈಕಲ್ ಕೇಳತೊಡಗಿದರು, ಅಷ್ಟೇ. ಶೇಠರು ತೀರಿಕೊಂಡರು. ಮುರಳೀಧರರು ಬೇರೆ ಕಡೆ ದೊಡ್ಡ ಕೆಲಸ ಹಿಡಿದರು. ನಾರ್ವೆಯಿಂದ ಬಂದ ಯಂತ್ರಗಳನ್ನು ಗುಜರಿಯವರು ಗ್ಯಾಸಿನಿಂದ ಕೊಯ್ದು ಒಯ್ಯುವಾಗ ನಾನು ಗೇಟಿನಲ್ಲಿ ನಿಂತು ನೋಡಿದೆ. ಹೊರದೇಶದ ಆ ಅಂಗಡಿಕಾರ ರಿಪೇರಿ ಮಾಡಿ ಮಾಡಿ ಬೇಸತ್ತು ಶುರುಮಾಡಿದ ಕೆಲಸ ಹೀಗೆ ನಮ್ಮ ಧೂಳಿನಲ್ಲಿ ಮುಗಿಯಿತು. ಮುಂದೆ ನಾನು ಅಕ್ಕಿ ಗಿರಣಿಯ ಯಂತ್ರ ಮಾಡುವ ಕಡೆ ಪರೀಕ್ಷಕನಾಗಿ ಸೇರಿ ಅಲ್ಲಿಂದಲೇ ನಿವೃತ್ತನಾದೆ. ಅಲ್ಲಿಯ ಕಥೆಗಳು ಬೇರೆ.

ನಿವೃತ್ತಿಯ ಮೇಲೆ ಒಮ್ಮೆ ಸಂಬಂಧಿಕರ ಮನೆ ಕಾರ್ಯಕ್ಕೆಂದು ಬಾಗಲವಾಡಕ್ಕೆ ಹೋಗಿದ್ದೆ. ಬಸ್ಸಿಳಿದು ನಡೆಯುವಾಗ ಕುರಿಹಿಂಡು ಅಡ್ಡ ಬಂತು. ಹಿಂಡಿನ ಹಿಂದಿದ್ದ ಹೆಂಗಸು ನಿಂತು ನನ್ನನ್ನು ದಿಟ್ಟಿಸಿ ನೋಡಿದಳು. ಕೂದಲು ನರೆತಿತ್ತು.

"ನೀವು ಸೈಕಲ್ ಕಂಪನಿಯವ್ರಲ್ಲೇನ್ರಿ?"

ನನಗೆ ಗುರುತು ಸಿಗುವುದರೊಳಗೆ ಅವಳೇ ಹೇಳಿದಳು, "ನಾ ಮಲ್ಲವ್ವ. ಯಂಕಪ್ಪನ ಮಗಳು."

 ಆರಾಮ ಇದ್ದೀಯಾ ಎಂದೆ. ಅವಳು ಕೋಲು ಊರಿಕೊಂಡು ಹತ್ತಿರ ಬಂದಳು.

"ಒಂದು ಮಾತು ಕೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ಅಂಗಳದಾಗ ನೀವು ಅಂದ್ರಲ್ಲ, ಯಾರ ಕಾಲ್ಗುಣಾನೂ ಅಲ್ಲ ಅಂತ. ಅದು ಖರೇ ಇತ್ತೇನು? ಇಲ್ಲ, ನನ್ನ ನೋಡಿ ಪಾಪ ಅನಿಸಿ ಅಂದ್ರೇನು?"

ಅವಳ ಅತ್ತೆ ನನ್ನ ಮಾತು ನಂಬಲಿಲ್ಲವೆಂದು ಇಷ್ಟು ವರ್ಷ ಕೊರಗಿದ್ದೆ. ಇವಳೂ ನಂಬಿರಲಿಲ್ಲ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ಖರೇ ಇತ್ತವ್ವಾ," ಎಂದೆ. ನಿಂತಲ್ಲೇ ಎಲ್ಲ ಹೇಳಿದೆ. ತೆಳುವಾದ ಕೊಳವೆ, ಯಂತ್ರದಲ್ಲಿ ಒಂದಾದ ಮೇಲೊಂದು ಮುರಿದದ್ದು, ಜುಲೇಖಾಬಿ ಊರೂರು ತಿರುಗಿದ್ದು, ಸಿರವಾರದ ಹುಡುಗ. ಇದ್ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಅಂಥ ಮನೆಗೆ ಸೈಕಲ್ಲಿನ ಸುದ್ದಿ ಯಾರು ಒಯ್ಯುತ್ತಾರೆ?

"ಹಂಗಾದ್ರ ಬ್ಯಾರೆಯವ್ರ ಮನ್ಯಾಗೂ ಮುರದಾವ?"

"ಮುರದಾವ."

"ನಂದೊಂದೇ ಅಲ್ಲ?"

"ಅಲ್ಲವ್ವಾ."

ಅವಳು ಹಾದಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಕುರಿಗಳು ಯಾರದೋ ತೊಗರಿಯೊಳಗೆ ನುಗ್ಗಿದವು. ಅವಳು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ನಮ್ಮಪ್ಪಗೂ ಒಂದ್ಸಲ ಹೇಳ್ರಿ," ಎಂದಳು.

ಯಂಕಪ್ಪ ಮನೆಯ ಮುಂದಿನ ಹಗ್ಗದ ಹೊರಸಿನ ಮೇಲೆ ಕೂತಿದ್ದ. ಎರಡೂ ಕಣ್ಣು ಹೋಗಿದ್ದವು. ಅವನ ಕೈ ಹಿಡಿದುಕೊಂಡು ಮತ್ತೆ ಮೊದಲಿನಿಂದ ಹೇಳಿದೆ. ಮಗಳು ಬಾಗಿಲಿಗೆ ಒರಗಿ ಎರಡನೆಯ ಸಲ ಕೇಳಿದಳು. 

"ಬೀಬಿ ಅಂಗಡ್ಯಾಗ ಕರೇದು ಒಂದಿತ್ತು, ಹಸರಿಂದು ಒಂದಿತ್ತು," ಎಂದ ಯಂಕಪ್ಪ. "ಹಸರಿಂದು ಮಿಂಚಾಕತ್ತಿತ್ತು. ನಾನೇ ಆರಿಸಿದೆ. ಹಂಗಾದ್ರ ತಪ್ಪು ನಂದೇ ಆತು."

ನಾನು ಬಾಯಿ ತೆರೆಯುವ ಮೊದಲು ಮಲ್ಲವ್ವ ಹೊರಸಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಯಪ್ಪಾ, ಕಬ್ಬಿಣದೊಳಗ ಹೊಕ್ಕು ನೋಡಿದವ್ರು ಯಾರದಾರ? ನಾ ಗಂಡನ ಮನ್ಯಾಗ ಚಂದ ಕಾಣ್ಲಿ ಅಂತ ಆರಿಸ್ದಿ ನೀ. ಸುಮ್ಮನಿರು."

ಅವಳು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ನಾನು ಒಲ್ಲೆನೆನ್ನಲಿಲ್ಲ. ಉಣ್ಣುವಾಗ ಯಂಕಪ್ಪ ಏನೋ ಯೋಚಿಸುತ್ತಿದ್ದವನು ನನ್ನ ಕಡೆ ತಿರುಗಿದ.

"ಆ ಸಿರವಾರದ ಹುಡುಗ ಬದುಕ್ಯಾನೇನ್ರಿ?"

"ಬದುಕ್ಯಾನ. ಒಂದು ಕಣ್ಣು ಹೋಗ್ಯದ."

"ಒಂದು ಉಳದದಲ್ಲ," ಎಂದ ಯಂಕಪ್ಪ. "ಛಲೋ ಆತು."